ಟೊಯೋಟಾದ ಪಿಂಕ್ ಕೂಲಂಟ್: ಬಣ್ಣ ಬಿಡಿ, ಲೇಬಲ್ ಓದಿ

ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಕೊಳ್ಳುವಾಗ ನಾನು ಮೊದಲು ನೋಡುವುದು ಕ್ಯಾನಿನ ಹಿಂಬದಿ. ಟೊಯೋಟಾದ ಸೂಪರ್ ಲಾಂಗ್ ಲೈಫ್ ಕೂಲಂಟ್ ನನಗೆ ಹಿಡಿಸಿದ್ದೂ ಅದಕ್ಕೇ. ಸಿಲಿಕೇಟ್, ಅಮೈನ್, ನೈಟ್ರೈಟ್, ಬೋರೇಟ್ ಯಾವುದೂ ಇಲ್ಲ ಅಂತ ಕಂಪನಿ ನೇರವಾಗಿ ಹೇಳುತ್ತದೆ. ಒಳಗಿರುವುದು ಎಥಿಲೀನ್ ಗ್ಲೈಕಾಲ್, ಅಂದರೆ ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವ. ತುಕ್ಕು ತಡೆಯಲು ಆರ್ಗ್ಯಾನಿಕ್ ಆಸಿಡ್ ಮತ್ತು ಫಾಸ್ಫೇಟ್. ಈ ಜಾತಿಗೆ ಪಿ-ಎಚ್‌ಒಎಟಿ ಅನ್ನುತ್ತಾರೆ.

ಹಳೇ ಕಾಲದ ಹಸಿರು ಕೂಲಂಟ್ ಲೋಹದ ಮೇಲೆಲ್ಲ ಒಂದು ಪದರ ಕಟ್ಟುತ್ತದೆ. ಅದರಲ್ಲಿ ತುಕ್ಕು ತಡೆಯುವ ಸಿಲಿಕೇಟ್ ಬೇಗ ಖರ್ಚಾಗುತ್ತದೆ, ಎರಡು ಮೂರು ವರ್ಷಕ್ಕೆ ಬದಲಾಯಿಸಬೇಕು. ಆರ್ಗ್ಯಾನಿಕ್ ಆಸಿಡ್ ಹಾಗಲ್ಲ, ತುಕ್ಕು ಶುರುವಾಗುವ ಜಾಗದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಅದಕ್ಕೇ ಜಾಸ್ತಿ ಬಾಳಿಕೆ. ಹೊಸ ಟೊಯೋಟಾ ಕಾರಿನಲ್ಲಿ ಇದನ್ನು ಮೊದಲ ಸಲ ಬದಲಾಯಿಸುವುದು ಸಾಮಾನ್ಯವಾಗಿ 1,60,000 ಕಿ.ಮೀ.ಗೆ, ಆಮೇಲೆ ಪ್ರತಿ 80,000 ಕಿ.ಮೀ.ಗೆ.

ಫಾಸ್ಫೇಟ್‌ಗೆ ಒಂದು ತೊಂದರೆ ಇದೆ. ಗಡಸು ನೀರು ಸೇರಿದರೆ ರೇಡಿಯೇಟರ್ ಒಳಗೆ ಬಿಳಿ ಕಿಟ್ಟ ಕಟ್ಟುತ್ತದೆ. ಟೊಯೋಟಾ ಇದಕ್ಕೂ ದಾರಿ ಮಾಡಿದೆ: ಅರ್ಧದಷ್ಟು ಡಿಅಯೋನೈಸ್ಡ್ (ಲವಣ ತೆಗೆದ) ನೀರು ಬೆರೆಸಿಯೇ ಕೊಡುತ್ತದೆ. ನಲ್ಲಿ ನೀರಿನ ಗೊಡವೆಯೇ ಇಲ್ಲ. ಮೈನಸ್ 35 ಡಿಗ್ರಿವರೆಗೆ ಹೆಪ್ಪುಗಟ್ಟುವ ಭಯವೂ ಇಲ್ಲ. ಗ್ಲೈಕಾಲ್ ಜಾಸ್ತಿಯಾದಷ್ಟೂ ಒಳ್ಳೇದು ಅಂದುಕೊಳ್ಳುವವರಿದ್ದಾರೆ. ನೀರೇ ಬೆರೆಸದ ಗ್ಲೈಕಾಲ್ ಸುಮಾರು ಮೈನಸ್ 13ಕ್ಕೇ ಗಟ್ಟಿಯಾಗುತ್ತದೆ, ಶಾಖ ಸಾಗಿಸುವುದರಲ್ಲೂ ನೀರಿಗಿಂತ ಹಿಂದೆ.

ಬಣ್ಣ ನೋಡಿ ಮಾತ್ರ ಇದಕ್ಕೆ ಜೋಡಿ ಹುಡುಕಬೇಡಿ. ಬಣ್ಣ ಅಂದರೆ ಬರೀ ಡೈ, ಅದಕ್ಕೆ ಎಲ್ಲರೂ ಒಪ್ಪಿದ ನಿಯಮವೇ ಇಲ್ಲ. ಹೋಂಡಾದ ನೀಲಿ ಕೂಲಂಟ್ ಇದರ ಹತ್ತಿರದ ಬಂಧು, ಅದರಲ್ಲೂ ಫಾಸ್ಫೇಟ್ ಇದೆ, ಸಿಲಿಕೇಟ್ ಇಲ್ಲ. ಫೋಕ್ಸ್‌ವ್ಯಾಗನ್‌ನ ಜಿ13 ನೋಡಲು ಗುಲಾಬಿ ಮಿಶ್ರಿತ ನೇರಳೆ, ಆದರೆ ಅದರಲ್ಲಿ ಸಿಲಿಕೇಟ್ ಇದೆ. ಕಣ್ಣಿಗೆ ಯಾವುದು ಹತ್ತಿರ ಅನ್ನಿಸುತ್ತದೆ? ಜಿ13 ತಾನೆ! ಹೊಂದದ ಜಾತಿಗಳನ್ನು ಬೆರೆಸಿದರೆ ಬಾಳಿಕೆ ಕಡಿಮೆಯಾಗುತ್ತದೆ, ಕೆಲವು ಸಲ ಕೆಸರಿನಂಥ ಗಸಿಯೂ ಆಗುತ್ತದೆ. ಕಾರಿನ ಮ್ಯಾನ್ಯುಯಲ್ ಹೇಳಿದ ಜಾತಿಯೇ ಬೇಕು.

ನನ್ನ ಒಂದು ದೂರು ಇದೆ. ಸಿಸ್ಟಮ್ ಪೂರ್ತಿ ತೊಳೆದರೆ ಎಂಜಿನ್ ಬ್ಲಾಕ್ ಒಳಗೆ ಸ್ವಲ್ಪ ನೀರು ಉಳಿದೇ ಉಳಿಯುತ್ತದೆ, ಅಲ್ವಾ? ಅದರ ಮೇಲೆ ಈ ರೆಡಿಮೇಡ್ ಮಿಶ್ರಣ ಹಾಕಿದರೆ ಇನ್ನೂ ತೆಳುವಾಗುತ್ತದೆ. ಹಾಗೆ ತೊಳೆಯುವವರಿಗೆ ಇದೇ ಜಾತಿಯ ಕಾನ್ಸೆಂಟ್ರೇಟ್ (ನೀರು ಬೆರೆಸದ್ದು) ತರುವುದೇ ಸರಿ. ಮಟ್ಟ ಇಳಿದಾಗ ತುಂಬಿಸಲು, ಅಥವಾ ಬರೀ ಹಳೆಯದನ್ನು ಇಳಿಸಿ ಹೊಸದು ಹಾಕಲು ನಾನು ಇದನ್ನೇ ಕೊಳ್ಳುತ್ತೇನೆ.