ಕಾರ್ಡ್ ಆ್ಯಪ್‌ನ ಸ್ವಿಚ್‌ಗಳು: ಯಾವುದು ನಿಜಕ್ಕೂ ಹಣ ಕಾಯುತ್ತದೆ?

ಕ್ರೆಡಿಟ್ ಕಾರ್ಡ್ ಕೊಡುವ ಬ್ಯಾಂಕುಗಳ ಆ್ಯಪ್‌ಗಳಲ್ಲಿ ಈಗ ಕಾರ್ಡ್ ನಿಯಂತ್ರಣಕ್ಕೆಂದೇ ಒಂದು ಪುಟ ಇರುತ್ತದೆ. ಲಾಕ್, ಆನ್‌ಲೈನ್ ವಹಿವಾಟು, ವಿದೇಶಿ ವಹಿವಾಟು, ಟ್ಯಾಪ್ ಪಾವತಿ, ಎಟಿಎಂ, ಮಿತಿ, ವರ್ಚುವಲ್ ಕಾರ್ಡ್, ಆಟೋ ಪೇ. ಕಾರ್ಡ್ ಕೈಗೆ ಬಂದ ದಿನ ಒಮ್ಮೆ ಕಣ್ಣಾಡಿಸಿದವರು ಮತ್ತೆ ಅತ್ತ ಸುಳಿಯುವುದು ಕಡಿಮೆ. ಇಲ್ಲಿ ತೂಗಿ ನೋಡುತ್ತಿರುವುದು ಒಂದು ಬ್ಯಾಂಕಿನ ಆ್ಯಪ್ ಅನ್ನಲ್ಲ, ಹೆಚ್ಚುಕಡಿಮೆ ಎಲ್ಲೆಡೆ ಸಿಗುವ ಈ ಸ್ವಿಚ್‌ಗಳನ್ನು.

ಮೊದಲು ಲಾಕ್. ಕಾರ್ಡ್ ಕಳೆದೇಹೋಯಿತೋ, ಯಾವುದೋ ಅಂಗಿಯ ಜೇಬಿನಲ್ಲಿ ಉಳಿಯಿತೋ ಗೊತ್ತಾಗದ ಹೊತ್ತಿನಲ್ಲಿ ಇದಕ್ಕಿಂತ ಒಳ್ಳೆಯ ಸೌಲಭ್ಯ ಇನ್ನೊಂದಿಲ್ಲ. ಆದರೆ ಲಾಕ್ ತಡೆಯುವುದು ಹಣಕ್ಕಾಗಿ ಅಂಗಡಿಯವರಿಂದ ಬ್ಯಾಂಕಿಗೆ ಬರುವ ಹೊಸ ಅನುಮತಿ ಕೋರಿಕೆಗಳನ್ನು ಮಾತ್ರ. ಅಂಗಡಿಯವರು ನಿನ್ನೆಯೇ ಅನುಮತಿ ಪಡೆದಿದ್ದರೆ ಆ ಮೊತ್ತ ನಾಳೆ ಬಿಲ್ಲಿಗೆ ಬಂದೇ ಬರುತ್ತದೆ. ತಿಂಗಳ ಚಂದಾ ಕಡಿತಗಳನ್ನು ಲಾಕ್ ಇದ್ದರೂ ಬಿಡುವ ಬ್ಯಾಂಕುಗಳಿವೆ. ಹಾಗಾಗಿ ಗೊತ್ತಿಲ್ಲದ ವಹಿವಾಟು ಒಂದೇ ಒಂದು ಕಂಡರೂ ಲಾಕ್ ಮಾಡಿ ಸುಮ್ಮನಾಗಬೇಡಿ. ಕಾರ್ಡ್‌ನ ಹಿಂಬದಿಯ ಸಂಖ್ಯೆಗೆ ಕರೆ ಮಾಡಿ, ಆ ಕಾರ್ಡನ್ನು ಶಾಶ್ವತವಾಗಿ ಬ್ಲಾಕ್ ಮಾಡಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬ್ಯಾಂಕಿನ ಸಂಖ್ಯೆಯನ್ನು ಸರ್ಚ್ ಎಂಜಿನ್‌ನಲ್ಲಿ ಹುಡುಕಿದರೆ ವಂಚಕರು ಹಾಕಿಸಿದ ಸುಳ್ಳು ಸಹಾಯವಾಣಿಯೇ ಮೇಲೆ ಸಿಗಬಹುದು.

ಎಚ್ಚರಿಕೆ ಸಂದೇಶದ ಸೆಟ್ಟಿಂಗ್‌ನಲ್ಲಿ ಒಂದು ಸಣ್ಣ ದೋಷ ಅಡಗಿರುತ್ತದೆ. ಇಂತಿಷ್ಟು ಮೊತ್ತ ಮೀರಿದರೆ ಮಾತ್ರ ತಿಳಿಸು ಎಂಬ ಗೆರೆಯೊಂದನ್ನು ಕೆಲವು ಆ್ಯಪ್‌ಗಳು ತಾವಾಗಿಯೇ ಎಳೆದಿಟ್ಟಿರುತ್ತವೆ. ಅದನ್ನು ಸೊನ್ನೆಗೆ ಇಳಿಸಿ. ಏಕೆಂದರೆ ಕಳ್ಳರು ಆರಂಭಿಸುವುದೇ ಪುಡಿಗಾಸಿನಿಂದ. ಕಾರ್ಡ್ ಸಂಖ್ಯೆಯನ್ನು ಕದಿಯಲೇಬೇಕೆಂದಿಲ್ಲ, ಊಹಿಸಲೂ ಬಹುದು. ಮೊದಲ 6 ಅಥವಾ 8 ಅಂಕಿಗಳು ಕಾರ್ಡ್ ಕೊಟ್ಟ ಬ್ಯಾಂಕನ್ನು ಸೂಚಿಸುತ್ತವೆ. ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕ ಹಾಕಿ ಪಡೆದ ತಾಳೆ ಅಂಕಿ. ಐಬಿಎಂನ ಹಾನ್ಸ್ ಪೀಟರ್ ಲೂನ್ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಸೂತ್ರ ಅದು. ಅಂಕಿ ತಪ್ಪಾಗಿ ಒತ್ತಿದರೆ ಹಿಡಿಯಲೆಂದು ಇರುವುದು, ಗುಟ್ಟು ಕಾಯಲೆಂದಲ್ಲ. ಕಾರ್ಡ್ ಮೇಲೆ ಅಚ್ಚಾಗಿರುವ ಮೂರಂಕಿಯ ಭದ್ರತಾ ಸಂಖ್ಯೆಗೆ, ಅಂದರೆ ಸಿವಿವಿಗೆ, ಇರುವುದು 1,000 ಸಾಧ್ಯತೆಗಳಷ್ಟೆ. ಕಂಪ್ಯೂಟರ್ ಸಾಲುಸಾಲಾಗಿ ಸಂಖ್ಯೆ ಹುಟ್ಟಿಸಿ, ಕಾವಲು ಸಡಿಲವಿರುವ ಜಾಲತಾಣಗಳಲ್ಲಿ ಚಿಲ್ಲರೆ ಮೊತ್ತ ಪ್ರಯತ್ನಿಸುತ್ತದೆ. ಒಂದು ದಾಟಿತೆಂದರೆ ಹಿಂದೆಯೇ ದೊಡ್ಡದು ಬರುತ್ತದೆ. ವಿಫಲವಾದ ವಹಿವಾಟಿಗೂ ಸಂದೇಶ ಕಳಿಸುವ ಆಯ್ಕೆ ಇದ್ದರೆ ಅದನ್ನೂ ತೆರೆದಿಡಿ. ಇಮೇಲ್ ಒಂದನ್ನೇ ನಂಬಬೇಡಿ: ನೂರಾರು ಅನಗತ್ಯ ಮೇಲ್‌ಗಳನ್ನು ಒಮ್ಮೆಗೇ ಸುರಿಸಿ, ಬ್ಯಾಂಕಿನ ಎಚ್ಚರಿಕೆಯನ್ನು ಅದರಡಿ ಹೂತುಹಾಕುವುದು ಹಳೆಯ ತಂತ್ರ.

ವಿದೇಶಿ ವಹಿವಾಟು ಮತ್ತು ಎಟಿಎಂ ಸ್ವಿಚ್‌ಗಳನ್ನು ಆಫ್ ಮಾಡಿಯೇ ಇಡಿ, ಬೇಕಾದ ದಿನ ಹಾಕಿಕೊಂಡರಾಯಿತು. ಏಕೆಂದರೆ ಕಾರ್ಡ್‌ನ ಹಿಂಬದಿಯ ಕಪ್ಪು ಕಾಂತೀಯ ಪಟ್ಟಿಯಲ್ಲಿರುವ ಮಾಹಿತಿ ಎಂದೂ ಬದಲಾಗದು, ಆದ್ದರಿಂದ ನಕಲು ಮಾಡುವುದು ಸುಲಭ. ಚಿಪ್ ಹಾಗಲ್ಲ, ಪ್ರತಿ ವಹಿವಾಟಿಗೂ ಹೊಸ ಸಂಕೇತ ಹುಟ್ಟಿಸುತ್ತದೆ. ಪಟ್ಟಿಯನ್ನು ಹಂತಹಂತವಾಗಿ ಕೈಬಿಟ್ಟು 2033ರ ಹೊತ್ತಿಗೆ ಪೂರ್ತಿ ತೆಗೆಯುವುದಾಗಿ ಮಾಸ್ಟರ್‌ಕಾರ್ಡ್ 2021ರಲ್ಲಿ ಹೇಳಿದ್ದೂ ಇದಕ್ಕೇ. ಅಲ್ಲಿಯವರೆಗೆ ಪಟ್ಟಿ ಉಜ್ಜಲು ಒತ್ತಾಯಿಸುವ ಯಂತ್ರದ ಮೇಲೆ ಅನುಮಾನ ಇರಲಿ. ಟ್ಯಾಪ್ ಪಾವತಿಯ ಬಗ್ಗೆ ಜನರಿಗಿರುವ ಭಯ ಅತಿಯಾದದ್ದು. ಅದೂ ಚಿಪ್‌ನಂತೆಯೇ ಒಂದು ಸಲಕ್ಕಷ್ಟೇ ನಡೆಯುವ ಸಂಕೇತ ಬಳಸುತ್ತದೆ. ಮಿತಿ ಕಡಿಮೆ ಇಟ್ಟುಕೊಂಡು ನಿಶ್ಚಿಂತೆಯಿಂದ ಬಳಸಿ.

ಇಡೀ ಪುಟದಲ್ಲಿ ನಮ್ಮ ಮೆಚ್ಚುಗೆ ಹೆಚ್ಚು ಗಳಿಸಿದ್ದು ವರ್ಚುವಲ್ ಕಾರ್ಡ್. ಪರಿಚಯವಿಲ್ಲದ ಜಾಲತಾಣಕ್ಕೆ ಅಸಲಿ ಸಂಖ್ಯೆಯ ಬದಲು ಬೇರೆಯದೇ ಸಂಖ್ಯೆ ಕೊಟ್ಟು, ಕೊಳ್ಳುವ ವಸ್ತುವಿನ ಬೆಲೆಗಿಂತ ತುಸು ಹೆಚ್ಚು ಮಿತಿ ಹಾಕಿ, ಕೆಲಸ ಮುಗಿದ ಮೇಲೆ ಮುಚ್ಚಿಬಿಡಬಹುದು. ನಾಳೆ ಆ ಜಾಲತಾಣದ ಮಾಹಿತಿ ಸೋರಿದರೂ ಕಳ್ಳನ ಕೈಗೆ ಸಿಗುವುದು ಸತ್ತ ಸಂಖ್ಯೆ. ಎರಡು ಕಡೆ ಇದು ಕೈಕೊಡುತ್ತದೆ. ಹೋಟೆಲ್ ಅಥವಾ ಬಾಡಿಗೆ ಕಾರಿನವರು ಬುಕ್ ಮಾಡಿದ ಕಾರ್ಡನ್ನೇ ಎದುರಿಗೆ ತೋರಿಸಿ ಎಂದರೆ ತೋರಿಸಲು ಕಾರ್ಡ್ ಇರುವುದಿಲ್ಲ. ಮೇಲಾಗಿ ಅವರು ಬಿಲ್ಲಿಗಿಂತ ಹೆಚ್ಚು ಮೊತ್ತವನ್ನು ತಾತ್ಕಾಲಿಕವಾಗಿ ಹಿಡಿದಿಡುವುದರಿಂದ ಬಿಗಿಯಾದ ಮಿತಿ ತಿರಸ್ಕಾರಕ್ಕೆ ದಾರಿ. ಇನ್ನು ಚಂದಾಗಳು: ಕಾರ್ಡ್ ಬದಲಾದಾಗ ಹೊಸ ಸಂಖ್ಯೆಯನ್ನು ವ್ಯಾಪಾರಿಗೆ ತಲುಪಿಸುವ ನವೀಕರಣ ಸೇವೆಗಳನ್ನು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲಗಳೇ ನಡೆಸುತ್ತವೆ. ಕಾರ್ಡ್ ಬದಲಿಸಿದೆ, ಚಂದಾ ನಿಂತಿತು ಎಂದುಕೊಂಡವರು ಮುಂದಿನ ಬಿಲ್ ನೋಡಿ ಬೆಚ್ಚುವುದು ಇದರಿಂದಲೇ. ಚಂದಾವನ್ನು ಅದರ ಜಾಲತಾಣದಲ್ಲೇ ರದ್ದು ಮಾಡಿ, ದೃಢೀಕರಣದ ಮೇಲ್ ಉಳಿಸಿಕೊಳ್ಳಿ.

ಇಷ್ಟೆಲ್ಲ ಸ್ವಿಚ್‌ಗಳು ಕಾಯುವುದು ಸಂಖ್ಯೆಯನ್ನು. ಒಟಿಪಿಯನ್ನು ನೀವೇ ಕೊಟ್ಟರೆ ಇವು ಯಾವುವೂ ಅಡ್ಡ ಬರುವುದಿಲ್ಲ, ಏಕೆಂದರೆ ಬ್ಯಾಂಕಿನ ಕಣ್ಣಿಗೆ ಅದು ನಿಮ್ಮ ಒಪ್ಪಿಗೆ. ಹಣ ಹೋಗುವ ದೊಡ್ಡ ಬಾಗಿಲು ಇದೇ. ಒಟಿಪಿ ಸಂದೇಶದಲ್ಲಿ ಅಂಕಿಗಿಂತ ಮೊದಲು ಉಳಿದ ಸಾಲು ಓದಿ: ಯಾರಿಗೆ, ಎಷ್ಟು, ಯಾವ ಕೆಲಸಕ್ಕೆ. ಅದರಲ್ಲಿ ಕಾರ್ಡನ್ನು ವ್ಯಾಲೆಟ್‌ಗೆ (ಫೋನಿನಿಂದಲೇ ಪಾವತಿಸುವ ಆ್ಯಪ್‌ಗೆ) ಸೇರಿಸಲು ಎಂದಿದ್ದರೆ ವಿಶೇಷ ಎಚ್ಚರ ಬೇಕು. ಪಾರ್ಸೆಲ್ ಶುಲ್ಕವೆಂದೋ ದಂಡವೆಂದೋ ಸಣ್ಣ ಮೊತ್ತ ಕೇಳುವ ನಕಲಿ ಪುಟದಲ್ಲಿ ನೀವು ಆ ಒಟಿಪಿ ಹಾಕಿದರೆ, ವಂಚಕನ ಫೋನಿನಲ್ಲಿ ನಿಮ್ಮ ಕಾರ್ಡ್ ಕುಳಿತುಬಿಡುತ್ತದೆ. ಆಮೇಲೆ ಅವನಿಗೆ ಸಿವಿವಿಯೂ ಬೇಡ, ಮತ್ತೊಂದು ಒಟಿಪಿಯೂ ಬೇಡ. ಅಂಗಡಿಯಲ್ಲಿ ಫೋನ್ ಮುಟ್ಟಿಸಿದರೆ ಸಾಕು. ಕಾರ್ಡ್ ಯಾವ ಯಾವ ಸಾಧನಗಳಿಗೆ ಸೇರಿದೆ ಎಂದು ತೋರಿಸುವ ಪಟ್ಟಿ ಆ್ಯಪ್‌ನಲ್ಲಿದ್ದರೆ ತಿಂಗಳಿಗೊಮ್ಮೆ ತೆರೆದು ನೋಡಿ. ಕಾರಣವಿಲ್ಲದೆ ಫೋನಿನ ನೆಟ್‌ವರ್ಕ್ ಹೋಗಿ ಬಹಳ ಹೊತ್ತು ಬರದಿದ್ದರೆ, ನಿಮ್ಮ ಹೆಸರಲ್ಲಿ ಬೇರೊಬ್ಬರು ಸಿಮ್ ಪಡೆದಿರುವ ಸಾಧ್ಯತೆ ಇದೆ: ಬೇರೆ ಫೋನಿನಿಂದ ಮೊದಲು ಬ್ಯಾಂಕಿಗೆ, ನಂತರ ಸಿಮ್ ಕಂಪನಿಗೆ ಕರೆ ಮಾಡಿ.

ಇನ್ನು ಆಟೋ ಪೇ, ಅಂದರೆ ಕಾರ್ಡ್ ಬಿಲ್ಲಿನ ಹಣ ಖಾತೆಯಿಂದ ತಾನಾಗಿಯೇ ಕಡಿತವಾಗುವ ಏರ್ಪಾಡು. ಸುರಕ್ಷತೆಯ ಪಟ್ಟಿಯಲ್ಲಿ ಇದನ್ನು ಯಾರೂ ಹೆಸರಿಸುವುದಿಲ್ಲ, ಆದರೆ ಯಾವ ಕಳ್ಳನೂ ಇಲ್ಲದೆ ಹಣ ಸೋರುವ ಜಾಗ ಇದು. ಪೂರ್ಣ ಬಾಕಿ, ಕನಿಷ್ಠ ಮೊತ್ತ ಎಂಬ ಎರಡು ಆಯ್ಕೆಗಳಲ್ಲಿ ಕನಿಷ್ಠವನ್ನು ಆರಿಸಿದರೆ ಏನಾಗುತ್ತದೆ, ಲೆಕ್ಕ ಹಾಕೋಣ. ಬಾಕಿ 10,000, ಬಡ್ಡಿ ತಿಂಗಳಿಗೆ ಶೇ. 3, ಕನಿಷ್ಠ ಪಾವತಿ ಶೇ. 5 ಇರಲಿ. ಮೊದಲ ತಿಂಗಳು 300 ಬಡ್ಡಿ ಸೇರಿ 10,300. ಅದರಲ್ಲಿ 515 ಕಟ್ಟಿದರೆ ಉಳಿಯುವುದು 9,785. ಹೊಸದಾಗಿ ಏನೂ ಕೊಳ್ಳದೆ ಹೀಗೇ 12 ತಿಂಗಳು ಕಟ್ಟಿದರೆ ಕೈಯಿಂದ ಹೋಗುವುದು ಸುಮಾರು 5,500, ಸಾಲ ಇಳಿಯುವುದು ಸುಮಾರು 2,300 ಮಾತ್ರ. ಅರ್ಧ ಸಾಲ ತೀರಲು 32 ತಿಂಗಳು ಬೇಕು. ತಡಪಾವತಿ ದಂಡ ಬೀಳದಂತೆ ಕನಿಷ್ಠ ಮೊತ್ತ ಕಾಯುತ್ತದೆ, ಅಷ್ಟೇ ಅದರ ಉಪಕಾರ. ಜೊತೆಗೆ, ಬಾಕಿ ಉಳಿಸಿಕೊಂಡ ಕಾರ್ಡ್‌ನಲ್ಲಿ ಸಾಮಾನ್ಯವಾಗಿ ಬಡ್ಡಿರಹಿತ ಅವಧಿಯೇ ಹೊರಟುಹೋಗುತ್ತದೆ. ಹೊಸ ಖರೀದಿಗೆ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್‌ನಿಂದ ನಗದು ತೆಗೆದರೆ ಆ ಅವಧಿ ಮೊದಲಿಗೇ ಇರುವುದಿಲ್ಲ, ಮೇಲೆ ಶುಲ್ಕ ಬೇರೆ. ಎಟಿಎಂ ಸ್ವಿಚ್ ಆಫ್ ಮಾಡಿಡಿ ಎಂದಿದ್ದಕ್ಕೆ ಇದು ಎರಡನೇ ಕಾರಣ.

ಪೂರ್ಣ ಬಾಕಿ ಆಯ್ಕೆಗೂ ಒಂದು ಷರತ್ತಿದೆ: ಕಡಿತದ ದಿನ ಉಳಿತಾಯ ಖಾತೆಯಲ್ಲಿ ಹಣ ಇರಬೇಕು, ಇಲ್ಲವಾದರೆ ಪಾವತಿ ವಾಪಸಾಗಿ ಎರಡೂ ಕಡೆ ದಂಡ ಬೀಳಬಹುದು. ಸಂಬಳ ಬಂದ ನಂತರದ ವಾರಕ್ಕೆ ಪಾವತಿಯ ಕೊನೆಯ ದಿನ ಬೀಳುವಂತೆ ಬಿಲ್ಲಿನ ದಿನಾಂಕ ಬದಲಿಸಿಕೊಡಿ ಎಂದು ಬ್ಯಾಂಕನ್ನು ಕೇಳಿ. ಆಟೋ ಪೇ ಹಾಕಿದ ಮಾತ್ರಕ್ಕೆ ಸ್ಟೇಟ್‌ಮೆಂಟ್ ಓದುವುದನ್ನು ಬಿಡಬೇಡಿ. ಬಿಲ್ ಬಂದ ದಿನಕ್ಕೂ ಕಡಿತದ ದಿನಕ್ಕೂ ನಡುವೆ ಸಿಗುವ ಎರಡು ಮೂರು ವಾರಗಳಲ್ಲೇ ತಪ್ಪು ಸಾಲುಗಳನ್ನು ಹುಡುಕಬೇಕು. ಅಂಗಡಿಯ ಬೋರ್ಡಿನ ಹೆಸರೂ ಬಿಲ್ಲಿನಲ್ಲಿ ಬರುವ ಕಂಪನಿಯ ಹೆಸರೂ ಹಲವು ಸಲ ಬೇರೆ. ದಿನಾಂಕ ಮತ್ತು ಮೊತ್ತವನ್ನು ರಸೀದಿಯೊಂದಿಗೆ ತಾಳೆ ನೋಡಿ, ಹೊಂದದಿದ್ದರೆ ಅದೇ ದಿನ ಬ್ಯಾಂಕಿಗೆ ಲಿಖಿತ ದೂರು ಕೊಡಿ.