ಸುಲ್ತಾನ್ ಬತ್ತೇರಿ, ಗಡಾಯಿಕಲ್ಲು, ಉಳ್ಳಾಲ: ನೆಂಟರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು?

ಮಂಗಳೂರಿಗೆ ಬಂದ ನೆಂಟರು ಬೀಚು, ದೇವಸ್ಥಾನ, ಐಸ್‌ಕ್ರೀಮು ಎಲ್ಲ ಮುಗಿದ ಮೇಲೆ "ಇಲ್ಲಿ ಕೋಟೆ ಗೀಟೆ ಏನಾದರೂ ಇದೆಯಾ?" ಅಂತ ಕೇಳುತ್ತಾರೆ. ಉಂಟು ಮಾರಾಯ್ರೆ. ಈ ಮೂರೂ ಕಡೆ ಜನರನ್ನು ಕರೆದುಕೊಂಡು ಹೋಗಿ ಹೋಗಿ ನನಗೊಂದು ಲೆಕ್ಕ ಸಿಕ್ಕಿದೆ. ಅಲ್ಲಿ ನಿಂತಾಗ, ಇದೇ ಜಾಗಕ್ಕಾಗಿ ಯಾಕೆ ಹೊಡೆದಾಡಿದರು ಅಂತ ಯಾರೂ ಹೇಳದೆಯೇ ಗೊತ್ತಾಗಬೇಕು. ಅಷ್ಟೇ.

ಬೋಳೂರಿನ ಸುಲ್ತಾನ್ ಬತ್ತೇರಿ ಎಲ್ಲಕ್ಕಿಂತ ಸುಲಭ. ಊರೊಳಗೇ ಇದೆ, ಆಟೋದಲ್ಲೇ ಹೋಗಬಹುದು. ಕಪ್ಪು ಕಲ್ಲಿನ ಸಣ್ಣ ಕಟ್ಟಡ, "ಇಷ್ಟೇನಾ?" ಅಂತ ಮುಖ ಸಣ್ಣ ಮಾಡಿದವರೂ ಇದ್ದಾರೆ. ಅವರಿಗೆ ನಾನು ಹೇಳುವುದು, ಮೇಲೆ ಹತ್ತಿ ಗೋಡೆಯ ಕಂಡಿಗೆ ಕಣ್ಣಿಟ್ಟು ನೋಡಿ. ಎದುರಿಗೆ ಗುರುಪುರ ನದಿ, ಆಚೆ ತಣ್ಣೀರುಬಾವಿಯ ದಡ, ನಡುವೆ ಹೋಗುವ ದೋಣಿ ಪೂರ್ತಿ ಕಾಣುತ್ತದೆ. ಕಂಡಿಯಲ್ಲಿ ತೋಪು ಇಟ್ಟರೆ ನದಿಯೊಳಗೆ ಬರುವ ಹಡಗು ತಪ್ಪಿಸಿಕೊಳ್ಳುವುದು ಕಷ್ಟ, ಅಲ್ವಾ? ಟಿಪ್ಪು ಇದನ್ನು ಕಟ್ಟಿಸಿದ್ದು 1784ರಲ್ಲಿ. ಅದರ ಹಿಂದಿನ ವರ್ಷವೇ ಮಂಗಳೂರು ಕೋಟೆ ಬ್ರಿಟಿಷರ ಕೈಗೆ ಹೋಗಿತ್ತು. ಟಿಪ್ಪು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ, ಒಳಗಿದ್ದವರು ಊಟವಿಲ್ಲದೆ ಕಾಯಿಲೆ ಬಿದ್ದು, 1784ರ ಜನವರಿಯಲ್ಲಿ ಕೋಟೆ ಬಿಟ್ಟುಕೊಟ್ಟರು. ಮಾರ್ಚ್ 11ಕ್ಕೆ ಟಿಪ್ಪು ಮತ್ತು ಬ್ರಿಟಿಷರ ಯುದ್ಧ ಮುಗಿಸಿದ ಮಂಗಳೂರು ಒಪ್ಪಂದ. ಮುತ್ತಿಗೆ ನಡೆದ ಆ ಕೋಟೆ ಈಗಿಲ್ಲ, ಹಾಗಾಗಿ ಆ ಕಥೆಯನ್ನೂ ಇಲ್ಲೇ ನಿಂತು ಹೇಳಬೇಕು. ಗೋಡೆಯ ಮೇಲೆ ಹೆಸರು ಕೆತ್ತುವ ಪ್ರೇಮಿಗಳಿಗೆ ಮಾತ್ರ ಏನು ಹೇಳುವುದೋ ಗೊತ್ತಿಲ್ಲ.

ಗಡಾಯಿಕಲ್ಲಿನ ದಾರಿಯೇ ಬೇರೆ. ಬೆಳ್ತಂಗಡಿ ದಾಟಿ ಹೋಗಬೇಕು, ಬೆಳಿಗ್ಗೆ ಬೇಗ ಹೊರಡದಿದ್ದರೆ ಬಿಸಿಲಿಗೆ ಸುಸ್ತು. ದೂರದಿಂದ ನೋಡಿದರೆ ಒಂದೇ ಬಂಡೆ ಸುಮ್ನೆ ಆಕಾಶಕ್ಕೆ ಎದ್ದು ನಿಂತಿದೆ. 1794ರಲ್ಲಿ ಟಿಪ್ಪು ಅದರ ಮೇಲೆ ಕೋಟೆ ಕಟ್ಟಿಸಿ ಜಮಾಲಾಬಾದ್ ಅಂತ ಹೆಸರಿಟ್ಟ. ಬಂಡೆಯನ್ನೇ ಕಡಿದು ಮಾಡಿದ ಮೆಟ್ಟಿಲುಗಳು ಸಾವಿರಕ್ಕಿಂತ ಜಾಸ್ತಿ. ಒಂದು ಮೆಟ್ಟಿಲು ಗೇಣುದ್ದ, ಮುಂದಿನದು ಮೊಣಕಾಲಿನವರೆಗೆ, ಹಾಗಾಗಿ ಕಾಲಿಗೆ ಲೆಕ್ಕವೇ ಸಿಗುವುದಿಲ್ಲ. ಕೆಲವು ಕಡೆ ಎದುರಿನಿಂದ ಇಳಿಯುವವರಿಗೆ ಗೋಡೆಗೆ ಒತ್ತಿ ನಿಂತು ದಾರಿ ಬಿಡಬೇಕು. ಆಗಲೇ ತಲೆಗೆ ಹೋಗುವುದು: ಮೇಲೆ ನಾಲ್ಕು ಜನ ಕಲ್ಲು ಉರುಳಿಸುತ್ತಾ ಕುಳಿತರೂ ಸಾಕು, ಕೆಳಗಿನ ಸೈನ್ಯ ಎಷ್ಟಿದ್ದರೇನು, ಸಾಲಾಗಿ ಒಬ್ಬೊಬ್ಬರೇ ಬರಬೇಕಲ್ಲ! ಆದರೂ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇದೂ ಬ್ರಿಟಿಷರ ಪಾಲಾಯಿತು. ಮೇಲೆ ಉಳಿದಿರುವುದು ಮುರಿದ ಗೋಡೆ, ನೀರಿನ ಕೆರೆ, ಗಾಳಿ. ನೀರಿನ ಬಾಟಲಿ ಕೆಳಗಿನಿಂದಲೇ ಹೊತ್ತುಕೊಂಡು ಹೋಗಿ, ಮೇಲೆ ಅಂಗಡಿ ಇಲ್ಲ.

ಉಳ್ಳಾಲದ ಕಥೆ ಮೂರರಲ್ಲೂ ದೊಡ್ಡದು, ನೋಡಲು ಸಿಗುವುದು ಮಾತ್ರ ಕಡಿಮೆ. 16ನೇ ಶತಮಾನದಲ್ಲಿ ಚೌಟ ಮನೆತನದ ರಾಣಿ ಅಬ್ಬಕ್ಕ, ಕಪ್ಪ ಕೊಡು ಅಂದ ಪೋರ್ಚುಗೀಸರ ಜೊತೆ ಹೊಡೆದಾಡಿದ ಊರು. ಈಗ ಅಬ್ಬಕ್ಕನ ಪ್ರತಿಮೆ ಇದೆ, ಸೋಮೇಶ್ವರದಲ್ಲಿ ಕಡಲ ಬದಿಯ ದೇವಸ್ಥಾನ ಇದೆ, ಕೋಟೆ ಅಂತ ಕೈ ತೋರಿಸಲು ಹೆಚ್ಚೇನೂ ಇಲ್ಲ. ಮಕ್ಕಳು ಐದು ನಿಮಿಷಕ್ಕೆ ನೀರಿಗೆ ಓಡುತ್ತಾರೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಉಳ್ಳಾಲದ ರಾಣಿಯನ್ನು ಕಂಡಾಗ ಆಕೆ ಬರಿಗಾಲಲ್ಲಿ ಅಗೆತದ ಕೆಲಸ ನೋಡಲು ಹೊರಟಿದ್ದಳಂತೆ. ಇಂಥದ್ದನ್ನು ಮೊದಲೇ ಓದಿಕೊಂಡು ಹೋದರೆ ಮಾತ್ರ ಉಳ್ಳಾಲ ರುಚಿಸುತ್ತದೆ. ಇಲ್ಲವಾದರೆ ಮೊದಲು ಬಿ.ಸಿ. ರೋಡಿನಲ್ಲಿರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಮ್ಯೂಸಿಯಂ ನೋಡಿ.

ಬಾವುಟಗುಡ್ಡೆಯನ್ನು ಈ ಪಟ್ಟಿಗೆ ಸೇರಿಸಿಲ್ಲ. 1837ರಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದು ಸುಳ್ಯದ ಕಡೆಯಿಂದ ಬಂದ ರೈತರು ಬಾವುಟ ಹಾರಿಸಿದ ಜಾಗ ಅದು, ಪೇಟೆಗೆ ಹೋದಾಗ ಹೇಗೂ ಸಿಗುತ್ತದೆ.

ನನ್ನನ್ನು ಕೇಳಿದರೆ, ಗಟ್ಟಿ ಮೊಣಕಾಲು ಇರುವವರಿಗೆ ಗಡಾಯಿಕಲ್ಲು. ಅಜ್ಜಿ, ಸಣ್ಣ ಮಕ್ಕಳು ಇದ್ದರೆ ಸಂಜೆ ಬತ್ತೇರಿ, ಅಲ್ಲಿಂದ ದೋಣಿ ಇದ್ದರೆ ತಣ್ಣೀರುಬಾವಿ. ಮಳೆಗಾಲಕ್ಕೆ ಬಂದವರಿಗೂ ಬತ್ತೇರಿಯೇ, ಯಾಕೆಂದರೆ ಆಗ ಗಡಾಯಿಕಲ್ಲಿನ ಬಂಡೆ ಜಾರುತ್ತದೆ, ಅರಣ್ಯ ಇಲಾಖೆಯವರು ಹತ್ತಲು ಬಿಡುವುದಿಲ್ಲ.