ನಿಂತ ಕಾರಿನ ಬ್ಯಾಟರಿ ಸೋರಿಕೆ: ಫ್ಯೂಸ್ ಕೀಳೋದೋ, ಮಿಲಿವೋಲ್ಟ್ ನೋಡೋದೋ, ಕ್ಲ್ಯಾಂಪ್ ಹಾಕೋದೋ?

ಮೂರ್ನಾಲ್ಕು ದಿನ ನಿಲ್ಲಿಸಿದರೆ ಸಾಕು, ಕಾರು ಸ್ಟಾರ್ಟ್ ಆಗುತ್ತಿರಲಿಲ್ಲ. ಇಂಥ ಹೊತ್ತಲ್ಲಿ ಎಲ್ಲರೂ ಹೇಳುವ ಮೊದಲ ಮದ್ದು ಹೊಸ ಬ್ಯಾಟರಿ. ಅದಕ್ಕೆ ಮುಂಚೆ ಮಾಡಬೇಕಾದ್ದು ಒಂದಿದೆ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ನೆಗೆಟಿವ್ ವೈರ್ ಬಿಚ್ಚಿ, ಅಷ್ಟೇ ದಿನ ಹಾಗೇ ಬಿಡಿ. 12.6 ವೋಲ್ಟ್ ಆಸುಪಾಸಿನಲ್ಲೇ ನಿಂತರೆ, ಕರೆಂಟ್ ಕದಿಯುತ್ತಿರುವುದು ಕಾರು; ಸೋರಿಕೆ ಅಂದರೆ ಇದೇ. ಬಿಚ್ಚಿಟ್ಟಾಗಲೂ ಇಳಿದರೆ ಬ್ಯಾಟರಿಯೇ ಸತ್ತಿದೆ, ಮುಂದೆ ಓದುವ ಅಗತ್ಯವಿಲ್ಲ.

ನನ್ನ ಬ್ಯಾಟರಿ ಇಳಿಯಲಿಲ್ಲ. ಹಾಗಾಗಿ ಕಳ್ಳನನ್ನು ಹುಡುಕಲು ಚಾಲ್ತಿಯಲ್ಲಿರುವ ದಾರಿಗಳನ್ನೆಲ್ಲ ಒಂದೇ ಕಾರಿನ ಮೇಲೆ ಪ್ರಯೋಗಿಸಿದೆ.

ಟೆಸ್ಟ್ ಲ್ಯಾಂಪ್ ವಿಷಯ ಬೇಗ ಮುಗಿಸುತ್ತೇನೆ. ಬಿಚ್ಚಿದ ನೆಗೆಟಿವ್ ವೈರಿಗೂ ಟರ್ಮಿನಲ್ಲಿಗೂ ನಡುವೆ ಬಲ್ಬ್ ಹಾಕಿ, ಉರಿದರೆ ಸೋರಿಕೆ ಇದೆ ಎನ್ನುವ ಹಳೇ ಪದ್ಧತಿ ಇದು. ಮಂದವಾಗಿ ಉರಿಯಿತು, ನಿಜ. ಆದರೆ ಎಷ್ಟು ಸೋರಿಕೆ ಅಂತ ಹೇಳಲಿಲ್ಲ. ಅಲ್ಲದೆ ವೋಲ್ಟೇಜಿನ ಒಂದು ಪಾಲನ್ನು ಬಲ್ಬೇ ನುಂಗುವುದರಿಂದ ಕಾರಿನ ಎಲೆಕ್ಟ್ರಾನಿಕ್ಸ್ ವಿಚಿತ್ರವಾಗಿ ಆಡುತ್ತದೆ. ಹಳೆಯ ಸರಳ ಗಾಡಿಗಳಿಗೆ ಸರಿ, ಈಗಿನವಕ್ಕೆ ಬೇಡ.

ಎರಡನೆಯದು ಮಲ್ಟಿಮೀಟರನ್ನು ನೆಗೆಟಿವ್ ವೈರಿನ ಜೊತೆ ಸೀರೀಸ್‌ನಲ್ಲಿ, ಅಂದರೆ ಕರೆಂಟೆಲ್ಲ ಮೀಟರಿನ ಮೂಲಕವೇ ಹರಿಯುವ ಹಾಗೆ ಹಾಕಿ ಅಳೆಯುವುದು. ಕೆಂಪು ಲೀಡನ್ನು 10 ಆಂಪ್ ಸಾಕೆಟ್ಟಿಗೇ ಹಾಕಬೇಕು. ಮಿಲಿಆಂಪ್ ಸಾಕೆಟ್ಟಿನಲ್ಲಿಟ್ಟರೆ ಮೀಟರಿನೊಳಗಿನ ಸಣ್ಣ ಫ್ಯೂಸ್ ಸುಟ್ಟೇ ಹೋಗುತ್ತದೆ. ಮೀಟರ್ ಸಿಕ್ಕಿಸಿರುವಾಗ ಕೀ ತಿರುಗಿಸಲೇಬಾರದು, ಸ್ಟಾರ್ಟರ್ ಎಳೆಯುವುದು ನೂರಾರು ಆಂಪ್. ಬಾಗಿಲು ತೆರೆದಿಟ್ಟು ಅದರ ಲಾಕನ್ನು ಸ್ಕ್ರೂ ಡ್ರೈವರಿನಿಂದ ತಿರುಗಿಸಿಟ್ಟರೆ ಕಾರು ಬಾಗಿಲು ಮುಚ್ಚಿದೆ ಎಂದುಕೊಳ್ಳುತ್ತದೆ. ಬಾನೆಟ್ಟಿಗೆ ಸ್ವಿಚ್ ಇದ್ದರೆ ಅದನ್ನೂ ಒತ್ತಿಡಿ. ರಿಮೋಟ್ ಕೀಯನ್ನು ದೂರ ಇಡಿ. ಆಮೇಲೆ ಕಾಯಿರಿ. ಆರಂಭದಲ್ಲಿ ಕಾಣುವ ದೊಡ್ಡ ಅಂಕಿ ನೋಡಿ ಗಾಬರಿಯಾಗಬೇಡಿ. ಒಳಗಿನ ಪುಟ್ಟ ಕಂಪ್ಯೂಟರುಗಳೆಲ್ಲ (ಮಾಡ್ಯೂಲ್‌ಗಳು) ನಿದ್ದೆಗೆ ಜಾರಲು ಅರ್ಧ ಗಂಟೆ, ಕೆಲವು ಗಾಡಿಗಳಲ್ಲಿ ಇನ್ನೂ ಹೆಚ್ಚು ಬೇಕು.

ಸಾಮಾನ್ಯವಾಗಿ 50 ಮಿಲಿಆಂಪ್ ಒಳಗಿದ್ದರೆ ಚಿಂತೆಯಿಲ್ಲ. ನನ್ನದು 280ಕ್ಕೆ ಬಂದು ನಿಂತಿತು. ದಿನಕ್ಕೆ 6.7 ಆಂಪ್-ಅವರ್, 45 ಆಂಪ್-ಅವರ್ ಬ್ಯಾಟರಿ ಮೂರೂವರೆ ದಿನದಲ್ಲಿ ಅರ್ಧ ಖಾಲಿ. ಕಾರು ಕೈಕೊಡುತ್ತಿದ್ದ ಲೆಕ್ಕಕ್ಕೆ ಸರಿಹೊಂದಿತು.

ಇಲ್ಲಿವರೆಗೆ ಮಲ್ಟಿಮೀಟರಿಗೆ ಪೂರ್ಣ ಅಂಕ. ತೊಂದರೆ ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ: ಒಂದೊಂದೇ ಫ್ಯೂಸ್ ಕಿತ್ತು, ಅಂಕಿ ಯಾವಾಗ ಕುಸಿಯುತ್ತದೆ ಎಂದು ನೋಡುವುದು. ಮಲಗಿದ ಮಗುವಿನ ಹೊದಿಕೆ ಎಳೆದು, ನಿದ್ದೆ ಬಂದಿದೆಯಾ ಅಂತ ಪರೀಕ್ಷಿಸಿದ ಹಾಗೆ ಇದು. ಒಂದು ಫ್ಯೂಸ್ ವಾಪಸ್ ಹಾಕಿದ ಕೂಡಲೇ ಯಾವುದೋ ಮಾಡ್ಯೂಲ್ ಎದ್ದು ಕೂರುತ್ತದೆ, ಅಂಕಿ ಆಂಪ್‌ಗಳಿಗೆ ಏರುತ್ತದೆ, ಮತ್ತೆ ಕಾಯಬೇಕು. ಇನ್ನೊಂದು ಕೇಡು ಇದಕ್ಕಿಂತ ದೊಡ್ಡದು. ನಿದ್ದೆ ಮಾಡದೆ ಸಿಕ್ಕಿಹಾಕಿಕೊಂಡ ಮಾಡ್ಯೂಲ್ ಫ್ಯೂಸ್ ಕಿತ್ತು ಹಾಕಿದ್ದರಿಂದಲೇ ರೀಸೆಟ್ ಆಗಿ ಸರಿಹೋಗಬಹುದು. ಆಗ ಸೋರಿಕೆ ಮಾಯ, ಕಾರಣವೂ ಮಾಯ, ಮುಂದಿನ ವಾರ ಮತ್ತೆ ಹಾಜರ್.

ಅದಕ್ಕೇ ನನ್ನ ಓಟು ಮೂರನೆಯದಕ್ಕೆ. ಏನನ್ನೂ ಕೀಳುವುದಿಲ್ಲ, ಬ್ಯಾಟರಿ ವೈರನ್ನೂ ಬಿಚ್ಚುವುದಿಲ್ಲ. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಪುಟ್ಟ ಲೋಹದ ಚುಕ್ಕಿಗಳಿರುತ್ತವೆ. ಮೀಟರನ್ನು ಡಿಸಿ ಮಿಲಿವೋಲ್ಟಿಗೆ ಇಟ್ಟು ಎರಡೂ ಲೀಡ್ ಅಲ್ಲಿ ಮುಟ್ಟಿಸಿ. ಫ್ಯೂಸಿಗೂ ಚೂರು ರೆಸಿಸ್ಟೆನ್ಸ್ ಇದೆಯಲ್ಲ, ಕರೆಂಟ್ ಹರಿಯುತ್ತಿದ್ದರೆ ಅದರ ಆಚೀಚೆ ಒಂದಿಷ್ಟು ವೋಲ್ಟೇಜ್ ಕಾಣಲೇಬೇಕು. ಸೊನ್ನೆ ಬಂದರೆ ಮುಂದಿನ ಫ್ಯೂಸಿಗೆ ಹೋಗಿ. ಇಡೀ ಫ್ಯೂಸ್ ಬಾಕ್ಸನ್ನು ಕೆಲವೇ ನಿಮಿಷದಲ್ಲಿ ಮುಗಿಸಬಹುದು. ನನಗೆ ಸಿಕ್ಕಿದ್ದು 15 ಆಂಪ್ ಫ್ಯೂಸಿನ ಮೇಲೆ 1.2 ಮಿಲಿವೋಲ್ಟ್, ಅಂದರೆ ಸುಮಾರು ಕಾಲು ಆಂಪ್. ಆ ಫ್ಯೂಸಿನ ಲೈನಿನಲ್ಲಿದ್ದದ್ದು ಆಮೇಲೆ ಹಾಕಿಸಿದ ಆಂಪ್ಲಿಫೈಯರ್. ಕೀ ತೆಗೆದರೂ ಅದು ಆಫ್ ಆಗುತ್ತಲೇ ಇರಲಿಲ್ಲ. ಹೊರಗಿನಿಂದ ಹಾಕಿಸಿದ ಸಾಮಾನಿನ ಮೇಲೆ ಮೊದಲ ಗುಮಾನಿ ಇಟ್ಟುಕೊಳ್ಳುವುದು ಒಳ್ಳೆಯದು.

ಇದಕ್ಕೂ ಮಿತಿ ಇದೆ. 0.1 ಮಿಲಿವೋಲ್ಟ್ ತೋರಿಸದ ಮೀಟರ್ ಇಲ್ಲಿ ಪ್ರಯೋಜನಕ್ಕಿಲ್ಲ. ದೊಡ್ಡ ಫ್ಯೂಸಿನ ರೆಸಿಸ್ಟೆನ್ಸ್ ಕಡಿಮೆ, ಹಾಗಾಗಿ ಅದೇ ಕರೆಂಟಿಗೆ 30 ಆಂಪ್ ಫ್ಯೂಸ್ ತೋರಿಸುವ ಅಂಕಿ 10 ಆಂಪ್ ಫ್ಯೂಸಿಗಿಂತ ಬಹಳ ಚಿಕ್ಕದು. ಇಂತಿಷ್ಟು ಮಿಲಿವೋಲ್ಟಿಗೆ ಇಂತಿಷ್ಟು ಕರೆಂಟ್ ಎಂಬ ಪಟ್ಟಿಗಳು ಸಿಗುತ್ತವೆ, ಅಂದಾಜಿಗೆ ಸಾಕು.

ವೈರನ್ನು ಬಿಚ್ಚದೆ ಅದರ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಎಲ್ಲಕ್ಕಿಂತ ಸಲೀಸು, ಕೊಳ್ಳುವಾಗ ಮಾತ್ರ ಕಣ್ಣು ಬಿಟ್ಟು ನೋಡಬೇಕು. ಎಸಿ ಕರೆಂಟ್ ಮಾತ್ರ ಅಳೆಯುವುದು ಇಲ್ಲಿ ದಂಡ. ಡಿಸಿ ಅಳೆದರೂ ರೇಂಜ್ 600 ಆಂಪ್, ಕನಿಷ್ಠ ಅಂಕಿ 0.1 ಆಂಪ್ ಎಂದಿದ್ದರೆ ಅದೂ ಬೇಡ; 10 ಮಿಲಿಆಂಪ್ ಅಥವಾ ಅದಕ್ಕೂ ಚಿಕ್ಕದನ್ನು ತೋರಿಸಬೇಕು. ಪ್ರತಿ ಸಲ ಸೊನ್ನೆ ಮಾಡಿಕೊಂಡೇ ಹಾಕಬೇಕು. ಕೈ ಸ್ವಲ್ಪ ತಿರುಗಿದರೂ ಭೂಮಿಯ ಕಾಂತಕ್ಷೇತ್ರದಿಂದಾಗಿ ಅಂಕಿ ಜರುಗುತ್ತದೆ. ಆದ್ದರಿಂದ ನಿಖರತೆಯಲ್ಲಿ ಇದು ಸೀರೀಸ್ ಮೀಟರಿನ ಹಿಂದೆಯೇ.

ಆದರೂ ಫ್ಯೂಸುಗಳೆಲ್ಲ ಸೊನ್ನೆ ತೋರಿಸಿ, ಸೋರಿಕೆ ಮಾತ್ರ ಇದ್ದೇ ಇದ್ದರೆ ಕ್ಲ್ಯಾಂಪೇ ಗತಿ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹಾಳಾದಾಗ ಹೀಗಾಗುತ್ತದೆ, ಆ ಕರೆಂಟ್ ಒಳಗಿನ ಸಣ್ಣ ಫ್ಯೂಸುಗಳ ಮೂಲಕ ಹೋಗುವುದೇ ಇಲ್ಲ. ಆಲ್ಟರ್ನೇಟರಿನ ದಪ್ಪ ವೈರಿಗೆ ಕ್ಲ್ಯಾಂಪ್ ಹಾಕಿದರೆ ಗೊತ್ತಾಗುತ್ತದೆ. ಆಗೊಮ್ಮೆ ಈಗೊಮ್ಮೆ ಮಾತ್ರ ಬರುವ ಸೋರಿಕೆಗೂ ಇದೇ ಲೇಸು: ಗರಿಷ್ಠ ಅಂಕಿ ನೆನಪಿಟ್ಟುಕೊಳ್ಳುವ ಮೀಟರನ್ನು ನೆಗೆಟಿವ್ ವೈರಿಗೆ ಸಿಕ್ಕಿಸಿ ರಾತ್ರಿಯಿಡೀ ಬಿಡಿ, ಮೀಟರಿನ ಆಟೋ ಆಫ್ ಮಾತ್ರ ಮೊದಲೇ ತೆಗೆದಿಡಿ.